ಲೆಕ್ಕದ ಕಾಕಾ

ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಕಾಕಾ ಕೂತಿದ್ದರೆ, ಬೆಂಗಳೂರಿನಲ್ಲಿ ನೌಕರಿ ಸಿಕ್ಕ ಹುಡುಗರು ಸುತ್ತುಹಾಕಿ ಹೋಗುವುದು ಕ್ಷೇಮ. ಸಿಕ್ಕಿಬಿದ್ದರೆ ಕಾಕಾ ಪೇಢೆ ಕೇಳುವುದಿಲ್ಲ, ಪೆನ್ನು ಕೇಳುತ್ತಾರೆ.

"ಪಗಾರ ಎಷ್ಟಂದಿ?"

"ಮೂವತ್ತ ಸಾವಿರ ರೀ ಕಾಕಾ."

"ಬರಕೋ. ಖೋಲಿ ಬಾಡಿಗಿ ಹನ್ನೆರಡು. ಅದರ ಹತ್ತು ಪಟ್ಟು ಅಡ್ವಾನ್ಸು. ಅದಕ್ಕ ಸಾಲ, ಸಾಲಕ್ಕ ಬಡ್ಡಿ. ಇಲ್ಲಿ ಹೊಲದಾಗಿನ ಜ್ವಾಳಾ, ಮನಿ ಎಮ್ಮಿ ಹಾಲು. ಅಲ್ಲಿ ರೊಟ್ಟಿ ಎಣಿಸಿ ರೊಕ್ಕಾ ಕೊಡಬೇಕು. ಬನದ ಹುಣ್ಣಿವಿಗೆ ಎಲ್ಲಮ್ಮನ ಗುಡ್ಡಕ್ಕ ಬರೂದಿಲ್ಲೇನ? ಆಗ ಖಾಸಗಿ ಬಸ್ಸಿನಾಂವ ತೊಗಲ ಸುಲೀತಾನ."

ಚಹಾ ಆರುವುದರೊಳಗೆ ಹುಡುಗ ಸಾಲಗಾರ. ಆ ಜೋಳ ಬೆಳೆಯುವ ಅಪ್ಪನಿಗೆ, ಎಮ್ಮೆ ಹಿಂಡುವ ಅವ್ವನಿಗೆ ಕೂಲಿ ಎಷ್ಟೆಂಬುದು ಮಾತ್ರ ಕಾಕಾನ ಹಾಳೆಯಲ್ಲಿ ಬರುವುದಿಲ್ಲ.

ಸರಕಾರಿ ನೌಕರರಿಗೆ ಬೇರೆ ಹಾಳೆ. 2024ರ ಆಗಸ್ಟ್‌ನಿಂದ ಮನೆ ಬಾಡಿಗೆ ಭತ್ಯೆ ಬೆಂಗಳೂರಿನಲ್ಲಿ ಮೂಲವೇತನದ ಶೇ. 20, ಬೆಳಗಾವಿಯಲ್ಲಿ 15, ನಮ್ಮಂಥ ಊರುಗಳಲ್ಲಿ 7.5. ಮೂಲವೇತನ 40,000 ಇರುವ ಮಾಸ್ತರರಿಗೆ ರಾಜಧಾನಿಗೆ ವರ್ಗವಾದರೆ ಭತ್ಯೆ 3,000ದಿಂದ 8,000ಕ್ಕೆ ಏರುತ್ತದೆ. "ಹೆಚ್ಚಾದ ಐದ ಸಾವಿರದಾಗ ಅಲ್ಲಿ ಕಾರ್ ನಿಲ್ಲಸಾಕ ಜಾಗಾ ಸಿಗಬಹುದ್ರಿ ಮಾಸ್ತರ. ಕಾರಿನಾಗ ಮಲಗೂದಾದ್ರ ಹೋಗ್ರಿ!"

ಈ ಕಾಕಾ ಒಬ್ಬರೇ ಅಲ್ಲ. ಕಿತ್ತೂರಿನವರು ಹೆದ್ದಾರಿ ತಜ್ಞರು: ಪಗಾರ ಧಾರವಾಡದ್ದು, ಖರ್ಚು ಕಿತ್ತೂರಿನದು ಇರಬೇಕೆಂಬುದು ಅವರ ಸಿದ್ಧಾಂತ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅದಕ್ಕೊಂದು ತಿದ್ದುಪಡಿಯಾಗಿದೆ: "ನೀ ಮನ್ಯಾಗಿರು ತಮ್ಮಾ, ಹೇಣ್ತೀನ ನೌಕರಿಗೆ ಕಳಸು. ಬಸ್ ಚಾರ್ಜ್ ಉಳೀತೈತಿ." ಸವದತ್ತಿಯವರಿಗೆ ನೀರೇ ಮಾನದಂಡ, ನವಿಲುತೀರ್ಥ ಅಣೆಕಟ್ಟಿನ ಬಗಲಲ್ಲಿ ಹುಟ್ಟಿದವನು ಟ್ಯಾಂಕರಿಗೆ ರೊಕ್ಕಾ ಕೊಡುವುದೆಂದರೆ ಅವರಿಗೆ ಮಾನದ ಪ್ರಶ್ನೆ. ರಾಮದುರ್ಗದ ನೇಕಾರ ಕಾಕಾ ಮಾತ್ರ ಮಗ್ಗದ ಕೂಲಿ ಒಂದು ಕಡೆ, ಹುಡುಗನ ಪಗಾರ ಇನ್ನೊಂದು ಕಡೆ ಬರೆದು, "ಹೋಗಿ ಬಾ" ಅಂದುಬಿಡುತ್ತಾರೆ. ನಾಲ್ವರಲ್ಲಿ ಪೂರ್ತಿ ಲೆಕ್ಕ ಬಲ್ಲವರು ಬಹುಶಃ ಅವರೊಬ್ಬರೇ.

ನಮ್ಮ ಕಾಕಾನ ಹಾಳೆ ಒಮ್ಮೆ ಮಾತ್ರ ತಿರುಗುತ್ತದೆ. ಮಗಳಿಗೆ ಬೆಂಗಳೂರಿನ ವರ ಬಂದಾಗ. ಪಗಾರ ಅದೇ ಮೂವತ್ತು ಸಾವಿರ.

"ವರ್ಷಕ್ಕ ಮೂರು ಲಕ್ಷ ಅರವತ್ತು ಸಾವಿರ ಪ್ಯಾಕೇಜ್ ಐತ್ರಿ!"

"ಬಾಡಿಗಿ, ಅಡ್ವಾನ್ಸು?"

"ಒಬ್ನ ಹುಡುಗ. ಅವಂಗೇನ್ ಖರ್ಚ ಇರತೈತಿ?"

ಆದ್ದರಿಂದ ಊರು ಬಿಡುವ ಹುಡುಗರೇ, ಕಾಕಾನ ಹತ್ತಿರ ಲೆಕ್ಕ ಕೇಳುವ ಮೊದಲು ಅವರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆಯೇ ಎಂದು ವಿಚಾರಿಸಿಕೊಳ್ಳಿ.