ಭಾವನ ನಿಂಬೆ'ಮರ'

ನಮ್ಮ ಭಾವನ ಮನೆಗೆ ಹೋದರೆ ಮೊದಲು ಕಾಫಿಯಲ್ಲ, ಬಾಲ್ಕನಿ ದರ್ಶನ. ಅಲ್ಲಿ ಊಟದ ತಟ್ಟೆಯಗಲದ ಕುಂಡದಲ್ಲಿ ಎರಡು ಗೇಣಿನ ನಿಂಬೆಯ ಬೋನ್ಸಾಯ್ ಇದೆ. ಅದನ್ನು ಗಿಡ ಅಂದೀರಿ ಜೋಕೆ, ಮರ ಅನ್ನಬೇಕು. ಗಿಡ ಅಂದವರ ಕಾಫಿಗೆ ಸಕ್ಕರೆ ಕಡಿಮೆ ಬೀಳುತ್ತದೆ.

ಬೋನ್ಸಾಯ್ ಮಾಡಿದರೆ ಮರ ಕುಳ್ಳಾಗುತ್ತದೆ, ಎಲೆಯೂ ಒಂದಿಷ್ಟು ಕಿರಿದಾಗುತ್ತದೆ. ಹಣ್ಣು ಮಾತ್ರ ಯಾರ ಮಾತೂ ಕೇಳದೆ ತನ್ನ ಜಾತಿಯ ಗಾತ್ರಕ್ಕೇ ಬೆಳೆಯುತ್ತದೆ. ಅದಕ್ಕೇ ತಿಳಿದವರು ಕ್ಯಾಲಮಾಂಡಿನ್, ಕುಮ್‌ಕ್ವಾಟ್‌ನಂಥ ಪುಟ್ಟ ಹಣ್ಣಿನವನ್ನು ಆರಿಸುತ್ತಾರೆ. ವಿಜಯಪುರದ ಕಡೆಯ ಭಾವನಿಗೆ ಇಂಡಿಯ ನಿಂಬೆಯೇ ಆಗಬೇಕು. (ಪುಣ್ಯಕ್ಕೆ ಹೆರಳೆಕಾಯಿಗೆ ಕೈ ಹಾಕಲಿಲ್ಲ.) ನಿಂಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆಕಾರ ಕೆಟ್ಟೀತೆಂದು ಭಾವ ಬೆಳಿಗ್ಗೆ ಆ ಚಿಗುರನ್ನೇ ಚಿವುಟಿ, ಸಂಜೆ ಹೂವಿಲ್ಲವೆಂದು ಕೊರಗುತ್ತಾರೆ.

ಚಿವುಟದೆ ಉಳಿದದ್ದಕ್ಕೆ ನಿಂಬೆಚಿಟ್ಟೆ ಕಾದಿರುತ್ತದೆ. ಅದರ ಮರಿಹುಳು ಮೊದಮೊದಲು ಥೇಟ್ ಹಕ್ಕಿ ಹಿಕ್ಕೆ. ಭಾವ ಕಾಗೆಯನ್ನು ಬೈದು ಸುಮ್ಮನಾದರು. ಬಲಿತ ಮೇಲೆ ಎಲೆಯದೇ ಹಸಿರು. ಬೆರಳು ತಾಗಿಸಿದಿರೋ, ತಲೆಯ ಹಿಂದಿನಿಂದ ಕಿತ್ತಳೆಗೆಂಪಿನ ಜೋಡಿ ಕೊಂಬು ಚಾಚಿ ಘಾಟು ಬಿಡುತ್ತದೆ. ತೋಟದ ಮರಕ್ಕೆ ನಾಲ್ಕು ಹುಳು ಲೆಕ್ಕಕ್ಕಿಲ್ಲ, ಎಣಿಸಿದಷ್ಟೇ ಎಲೆಯಿರುವ ಮರಕ್ಕೆ ಅದು ಬರಗಾಲ. ಅಕ್ಕ ಅವನ್ನು ಕರಿಬೇವಿನ ಗಿಡಕ್ಕೆ ಸಾಗಿಸಿದಳು. ಕರಿಬೇವೂ ನಿಂಬೆಯ ಕುಟುಂಬದ್ದೇ. ಹುಳುಗಳು ತಕರಾರು ತೆಗೆಯಲಿಲ್ಲ.

ಇನ್ನು ನೀರು. ಬೋರ್‌ವೆಲ್ಲಿನ ಸುಣ್ಣದ ನೀರು ಹಾಕುತ್ತಾ ಹೋದರೆ ಮಣ್ಣು ಕ್ಷಾರವಾಗಿ ಗಿಡಕ್ಕೆ (ತಪ್ಪಾಯ್ತು, ಮರಕ್ಕೆ) ಕಬ್ಬಿಣ ದಕ್ಕುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹಾಗಾಗಿ ಮರಕ್ಕೆ ಹಿಡಿದಿಟ್ಟ ಮಳೆನೀರು, ಮನೆಮಂದಿಯ ಸ್ನಾನಕ್ಕೆ ಬೋರ್‌ವೆಲ್. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೆಂದು ಬಟ್ಟೆ ಒಣಹಾಕುವ ಹಗ್ಗವೂ ಜಾಗ ಖಾಲಿ ಮಾಡಿದೆ. ಎರಡು-ಮೂರು ವರ್ಷಕ್ಕೊಮ್ಮೆ ಕುಂಡದಿಂದ ಎತ್ತಿ ಬೇರು ಕತ್ತರಿಸುವ ದಿನವಂತೂ ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ.

ಈ ಸಲ ಒಂದು ಹಣ್ಣು ನಿಂತಿದೆ. ಹೊರೆ ಹೆಚ್ಚಾದರೆ ಮರ ಸೊರಗೀತೆಂದು ಉಳಿದ ಮಿಡಿಗಳನ್ನು ಭಾವನೇ ಕಿತ್ತರು. ಆ ಒಂದರ ಮೇಲೆ ಎಲ್ಲರ ಕಣ್ಣು. ಅತ್ತೆಗೆ ಹೊಸ ಸ್ಕೂಟರಿನ ಚಕ್ರದಡಿ ಇಡಬೇಕು, ಅಕ್ಕನಿಗೆ ಚಿತ್ರಾನ್ನಕ್ಕೆ ಹಿಂಡಬೇಕು, ಭಾವನಿಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಇಡಬೇಕು. ಮೊನ್ನೆ ಚಿತ್ರಾನ್ನದ ದಿನ ಅಕ್ಕ ಅವರನ್ನೇ ಅಂಗಡಿಗೆ ಓಡಿಸಿದಳು. ಐದು ನಿಂಬೆಹಣ್ಣು ತಂದವರು ಒಂದು ಷರತ್ತು ಹಾಕಿದರಂತೆ: ಬೀಜ ಎಸೆಯಬಾರದು.