ಬೀಗದ ಬಾಯಿ

ಡಿಜಿಟಲ್ ಬೀಗ ಕಣ್ಣಿಗೆ ಕಾಣದು. ಸಿನಿಮಾ, ಹಾಡು, ಇ-ಪುಸ್ತಕಗಳ ಕಡತದೊಳಗೇ ಅದರ ವಾಸ. ಬಲ್ಲವರು ಡಿಆರ್‌ಎಂ ಎನ್ನುತ್ತಾರೆ. ಸಂದರ್ಶನಕ್ಕೆ ಅದು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಆಡಿದ ಮಾತನ್ನು ಯಾರೂ ನಕಲು ಮಾಡಬಾರದು.

ಮೊದಲಿಗೆ ಬಂದದ್ದು ಡಿವಿಡಿ ಕಾಲದ ನೆನಪು. ಆಗ ಸ್ಟುಡಿಯೋಗಳು ಡಿಸ್ಕಿಗೆ ಬೀಗ ಜಡಿದದ್ದಷ್ಟೇ ಅಲ್ಲ, ಭೂಮಿಯನ್ನೇ ವಲಯಗಳಾಗಿ ಹಂಚಿಕೊಂಡವು. ಅಮೆರಿಕ 1ನೇ ವಲಯ, ಭಾರತ 5ನೆಯದು. ಅಲ್ಲಿ ಕೊಂಡ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದು.

"ಅಮೆರಿಕದಿಂದ ಮಗ ದುಡ್ಡು ಕೊಟ್ಟು ತಂದ ಸಿನಿಮಾವನ್ನು ಜಯನಗರದಲ್ಲಿರುವ ತಾಯಿ ನೋಡಿದರೆ ಯಾರಿಗೆ ನಷ್ಟ?"

"ನಷ್ಟದ ಮಾತಲ್ಲ ಸ್ವಾಮಿ, ವಲಯದ ಮಾತು."

ಕಾನೂನಿನ ವಿಷಯ ಬಂದಾಗ ಬೀಗದ ಎದೆ ಉಬ್ಬಿತು. 1998ರ ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಬೀಗ ಒಡೆಯುವುದೇ ತಪ್ಪು. ಒಳಗಿನದನ್ನು ಕದ್ದರೋ ಇಲ್ಲವೋ ಎಂಬುದು ಆಮೇಲಿನ ಪ್ರಶ್ನೆ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನಲ್ಲೂ ಎರಡು ವರ್ಷದವರೆಗೆ ಜೈಲುಂಟು. ಆದರೆ ಅದು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದವರಿಗೆ ಮಾತ್ರ. "ಇಲ್ಲಿ ಉದ್ದೇಶ ಕೇಳುತ್ತಾರಂತೆ," ಎಂದು ಬೀಗ ಮುಖ ಸಿಂಡರಿಸಿತು.

2009ರ ಜುಲೈ ಪ್ರಸಂಗಕ್ಕೆ ಮಾತ್ರ ಅದು ತುಸು ತಡವರಿಸಿತು. ಹಕ್ಕಿಲ್ಲದ ಪ್ರಕಾಶಕರೊಬ್ಬರು ಮಾರಿದ್ದರೆಂದು ಅಮೆಜಾನ್ ಕಂಪನಿ ಗ್ರಾಹಕರ ಕಿಂಡಲ್ ಓದುಸಾಧನಗಳೊಳಗಿಂದಲೇ ಪುಸ್ತಕಗಳನ್ನು ಅಳಿಸಿಹಾಕಿತು. ಹಣ ಮರಳಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಮಾಯವಾದವುಗಳಲ್ಲಿ ಒಂದು ಜಾರ್ಜ್ ಆರ್ವೆಲ್ ಅವರ '1984'. ಸರ್ಕಾರ ಬೇಡದ ಕಾಗದಪತ್ರಗಳನ್ನು ಹೇಳಹೆಸರಿಲ್ಲದಂತೆ ಸುಡುವ ಕಥೆ.

"ಅದನ್ನು ಓದಿದ್ದೀರಾ?"

"ಇಲ್ಲ. ಕಾಯುವುದಷ್ಟೇ ನನ್ನ ಕೆಲಸ."

ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗಲೂ ಕೊಂಡವರ ಕಪಾಟು ಬರಿದಾಯಿತು. ಪುಸ್ತಕದ ಹಣದ ಜೊತೆಗೆ, ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ 25 ಡಾಲರ್ ಹೆಚ್ಚುವರಿ ಸಿಕ್ಕಿತು. ಓದುಗನ ಆಲೋಚನೆಗೆ ಬೆಲೆ ಕಟ್ಟಿದ ಅಪರೂಪದ ಪ್ರಸಂಗವಿದು. ಕೊಂಡ ಪುಸ್ತಕ ಹೀಗೆ ಹೋಗಬಹುದೇ ಎಂದರೆ ಬೀಗಕ್ಕೆ ನಗು: "ಕೊಂಡದ್ದು ಯಾರು? ನಿಮಗೆ ಕೊಟ್ಟದ್ದು ಓದುವ ಪರವಾನಗಿ. ಷರತ್ತುಗಳ ಕೆಳಗೆ 'ಒಪ್ಪಿಗೆ' ಒತ್ತಿದವರು ನೀವೇ."

ಕೊನೆಯ ಪ್ರಶ್ನೆ ಬೀಗದ ನಿವೃತ್ತಿಯದು: ಕಾಯುವ ಹಕ್ಕೇ ಮುಗಿದರೆ? ಆರ್ವೆಲ್ ತೀರಿಕೊಂಡದ್ದು 1950ರಲ್ಲಿ. ಲೇಖಕರ ನಂತರ 60 ವರ್ಷ ಎಂಬ ಲೆಕ್ಕದಲ್ಲಿ ಭಾರತದಲ್ಲಿ ಅವರ '1984' ಕಾದಂಬರಿಯ ಹಕ್ಕು 2010ರ ಕೊನೆಗೆ ಮುಗಿದಿದೆ. ಅಮೆರಿಕದಲ್ಲಿ 2044ರ ಕೊನೆಯವರೆಗೂ ಇದೆ. ಹಕ್ಕು ಮುಗಿದ ದಿನ ತಾನೇ ಕಳಚಿಕೊಳ್ಳಬೇಕೆಂದು ಬೀಗಕ್ಕೆ ಯಾರೂ ಹೇಳಿಕೊಟ್ಟಿಲ್ಲ.