ಜೆಲ್ ಇದೆ ಸಾರ್!

ದಾಬಸ್‌ಪೇಟೆಯ ಹೆದ್ದಾರಿ ಬದಿಯಲ್ಲಿ ಬೆಳಗಿನ ಜಾವ ಓಡುವವರು ಎರಡು ಬಗೆ: ತೂಕ ಇಳಿಸುವವರು, ತುಮಕೂರು ಬಸ್ ಹಿಡಿಯುವವರು. ಎರಡನೆಯವರು ಹವಾಯಿ ಚಪ್ಪಲಿಯಲ್ಲೇ ಗೆಲ್ಲುತ್ತಾರೆ. ಮೊದಲನೆಯವರಿಗೆ ಮಾತ್ರ ಶೂ ಬೇಕು, ಅದೂ ಕತ್ತಲಲ್ಲಿ ಕಣ್ಣು ಕುಕ್ಕುವ ಗಿಳಿಹಸಿರಿನದೇ.

ಅಂಗಡಿಯವರು "ಜೆಲ್ ಇದೆ ಸಾರ್, ಒಳಗೆ ಗಾಳಿ ಇದೆ ಸಾರ್" ಅಂತಾರೆ. ನಮ್ಮ ಬೆರಳಿಗೆ ಜಾಗ ಇದೆಯಾ ಅನ್ನೋದನ್ನು ನಾವೇ ನೋಡಿಕೊಳ್ಳಬೇಕು. ಶೂ ಕೊಳ್ಳಲು ಸಂಜೆಯೇ ಸರಿ. ದಿನವಿಡೀ ಓಡಾಡಿದ ಕಾಲು ಕೊಂಚ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ, ಎರಡೂ ಕಾಲಿಗೆ ಶೂ ತೊಟ್ಟು, ಎದ್ದು ನಿಂತು ನೋಡಿ. ಎಡಬಲ ಕಾಲುಗಳು ಅಣ್ಣತಮ್ಮಂದಿರೇ ಹೊರತು ಅವಳಿಗಳಲ್ಲ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ, ಹಿಮ್ಮಡಿ ಜಾರಬಾರದು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅನ್ನುವ ಮಾತನ್ನು ಮಾತ್ರ ನಂಬಬೇಡಿ.

ಶೂ ಯಾಕೆ, ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಗೆಲ್ಲಲಿಲ್ಲವೇ ಅಂತ ವಾದಿಸುವವರಿದ್ದಾರೆ. ಆತ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಯೂ ಗೆದ್ದ. ನಮ್ಮ ಶ್ರೀನಿವಾಸ ಗೌಡರು 2020ರ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದೂ ಬರಿಗಾಲಲ್ಲೇ. ಆದರೆ ಅವರ ಮುಂದೆ ಕೋಣಗಳಿದ್ದವು, ಕೆಳಗೆ ಕೆಸರಿತ್ತು. ನಮ್ಮ ಹಿಂದೆ ಲಾರಿ, ಕೆಳಗೆ ಜಲ್ಲಿ.

ಒಂದು ಮಾತು: ಹೊಸ ಶೂ ಹಾಕಿಕೊಂಡು ಮೊದಲ ದಿನವೇ ಶಿವಗಂಗೆ ಬೆಟ್ಟ ಹತ್ತಲು ಹೊರಡಬೇಡಿ.